ಎರಡನೇ ಸಲ ಬರದ ಹಡಗು

ಆಗ ನಮ್ಮ ಹಳೇ ಬಾಗಲಕೋಟೆಯ ಓಣಿಗೆ ನೀರು ಇನ್ನೂ ಬಂದಿರಲಿಲ್ಲ. ನೀರಿನ ಸುದ್ದಿ ಮಾತ್ರ ದಿನಾ ಬರುತ್ತಿತ್ತು. ಅಣೆಕಟ್ಟಿನ ಹಿನ್ನೀರು ಏರುವ ಮೊದಲೇ, ಮನೆ ಮುಳುಗುವವರಿಗೆ ಸರ್ಕಾರ ಜಾಗ ಕೊಟ್ಟ ನವನಗರ ಸೇರಬೇಕೆಂದು ಜನ ಬಾಗಿಲು, ಚೌಕಟ್ಟು, ತೊಲೆಗಳನ್ನೆಲ್ಲ ಬಿಚ್ಚಿ ಟ್ರ್ಯಾಕ್ಟರಿಗೆ ಹೇರುತ್ತಿದ್ದರು. ಅರ್ಧ ಬಿಚ್ಚಿದ ಆ ಮನೆಗಳೇ ನಮ್ಮ ಕಣ್ಣಾಮುಚ್ಚಾಲೆಯ ಜಾಗ. ಎಲ್ಲಿ ಅಡಗಿದರೂ ಹಳೇ ಮಣ್ಣಿನ, ಹೊಗೆ ಹಿಡಿದ ಕಟ್ಟಿಗೆಯ ವಾಸನೆ.

ಆ ಬೇಸಿಗೆಯಲ್ಲಿ ಕಾಕಾ ನನ್ನನ್ನೂ ಇನ್ನೂ ಸಾಲಿ ಸೇರದ ತಂಗಿ ಗಂಗಿಯನ್ನೂ ಟಾಕೀಜಿಗೆ ಕರೆದೊಯ್ಯಲು ಹೊರಟ.

“ಆಕಾಶದಾಗಿನ ಪಿಕ್ಚರ್ ಅಂತ. ಹುಡುಗೂರು ಅಂಜ್ತಾವು,” ಎಂದಳು ಅವ್ವ.

“ಬಡದಾಟ ಇಲ್ರಿ ವೈನಿ. ಬರೇ ವಿಚಾರ ಮಾಡೂ ಪಿಕ್ಚರ್ ಐತಿ.”

“ವಿಚಾರ ಮಾಡೂದು ನಿನಗ್ಯಾವಾಗ ಬಂತೋ?”

ಇದನ್ನು ಕೇಳಿ ನಗುತ್ತ ನಮಗೆ ಒಗ್ಗರಣೆಯ ಚುರುಮರಿ ಕಟ್ಟಿಕೊಟ್ಟವಳು ದುಂಡವ್ವಾಯಿ. ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಬಾಡಿಗೆಗಿದ್ದ ಮುದುಕಿ. ರಕ್ತಸಂಬಂಧವೇನಿಲ್ಲ. ಆದರೆ ನಮ್ಮಿಬ್ಬರಿಗೂ ಎಣ್ಣೆ ಹಚ್ಚಿ ಎರೆದು ಬೆಳೆಸಿದವಳು ಆಕೆಯೇ. ದಿನಾ ಮುಂಜಾನೆ ನಮ್ಮ ಹೊಸ್ತಿಲು ತೊಳೆದು ಕುಂಕುಮ ಇಡುವವಳೂ ಆಕೆಯೇ.

ಪಿಕ್ಚರ್ ಹಿಂದಿಯದು. ಕಾಕಾ ನಮ್ಮ ಕಿವಿಯಲ್ಲಿ ಕನ್ನಡ ಮಾಡಿ ಹೇಳತೊಡಗಿದ. ಹಿಂದಿನ ಸಾಲಿನ ಅಜ್ಜನೊಬ್ಬ, “ಜರಾ ಜೋರ್ ಹೇಳೋ ತಮ್ಮಾ, ನಮಗೂ ತಿಳೀಲಿ” ಎಂದ. ಕಾಕಾ ಉಬ್ಬಿಹೋದ. ಯಾವುದೋ ದೂರದ ಲೋಕ, ಅಲ್ಲಿ ಸಮುದ್ರ ಏರುತ್ತಿದೆ, ಜನರೆಲ್ಲ ಹಾರುವ ಹಡಗು ಹತ್ತಿ ಊರು ಬಿಡಬೇಕು.

“ಚೌಕಟ್ಟ ಬಿಚ್ಚಿಕೋರಿ ಮೊದಲ!” ಅಜ್ಜ ಪರದೆಗೇ ಕೂಗಿ ಹೇಳಿದ.

“ತೊಲಿ ಬಿಡಬ್ಯಾಡ್ರಿ!” ಎಂದರು ಇನ್ನ್ಯಾರೋ.

ಇಡೀ ಟಾಕೀಜು ನಕ್ಕಿತು.

ಮಕ್ಕಳನ್ನು ಆಡಿಸುತ್ತಿದ್ದ ಒಂದು ಯಂತ್ರಮಾನವನಿಗೆ ಮಾತ್ರ ಹಡಗಿನಲ್ಲಿ ಜಾಗ ಸಿಗಲಿಲ್ಲ. ಅದು ದಂಡೆಯ ಮೇಲೆ ನಿಂತು ಕೈ ಬೀಸುತ್ತಲೇ ಇತ್ತು.

“ಅದ್ಯಾಕ ಹತ್ತಲಿಲ್ಲ ಕಾಕಾ?” ಗಂಗಿ ಕೇಳಿದಳು.

“ಆಮ್ಯಾಲ ಕರಕೊಂಡ ಹೋಗ್ತಾರವ್ವ. ಹಡಗ ಎರಡನೇ ಸಲ ಬರ್ತೈತಿ.”

“ಹಂಗೇನೂ ಅನ್ನಲಿಲ್ಲಲ್ಲೋ ಅವರು,” ಎಂದ ಹಿಂದಿನ ಅಜ್ಜ.

“ಸುಮ್ನಿರ್ರಿ ಯಜ್ಜಾ, ಕೂಸೈತಿ.”

ಪಿಕ್ಚರ್ ಮುಗಿದು ದೀಪ ಹತ್ತಿದರೂ ಗಂಗಿ ಏಳಲಿಲ್ಲ. ಎರಡನೇ ಸಲದ ಹಡಗು ನೋಡಿಯೇ ಬರುವವಳು ಆಕೆ. ಕಸ ಹೊಡೆಯುವವರು ಬಂದ ಮೇಲೆ ಕಾಕಾ ಎತ್ತಿಕೊಂಡೇ ಹೊರತಂದ. ಚುರುಮರಿಯ ಪೊಟ್ಟಣ ಕಟ್ಟಿದ ಹಾಗೇ ಆಕೆಯ ಮುಷ್ಟಿಯಲ್ಲಿತ್ತು.

ಕೆಲವೇ ದಿನಗಳಲ್ಲಿ ನಮ್ಮ ಮನೆಯ ಮುಂದೂ ಟ್ರ್ಯಾಕ್ಟರ್ ನಿಂತಿತು. ಆಯಿಗೆ ಸ್ವಂತ ಮನೆಯಿರಲಿಲ್ಲ, ಹಾಗಾಗಿ ನವನಗರದಲ್ಲಿ ಆಕೆಯ ಹೆಸರಿಗೆ ಜಾಗವೂ ಇಲ್ಲ. ಅಪ್ಪ ಹಗ್ಗ ಬಿಗಿಯುತ್ತ, ಆಕೆಯ ಮುಖ ನೋಡದೆ ಹೇಳಿದ: “ಆಯಿ, ಅಲ್ಲಿನ್ನೂ ಒಂದ ಖೋಲಿ ಎದ್ದೈತಿ. ಆಮ್ಯಾಲ ಬಂದು ನಿನ್ನ ಕರಕೊಂಡ ಹೋಗ್ತೇನಿ.” ಅಪ್ಪನ ಮನಸ್ಸಿನಲ್ಲಿ ಮೋಸವಿರಲಿಲ್ಲ.

“ಹೂಂ, ನನಗೇನ ಅವಸರೈತಿ? ಹೋಗಿ ಬರ್ರಿ,” ಎಂದು ಆಯಿ ಕೈ ಬೀಸಿದಳು.

ಆ ಕೈ ನೋಡಿದ್ದೇ ತಡ, ಗಂಗಿ ಕಿಟಾರನೆ ಕಿರುಚಿ ಓಡಿ, ಕಿತ್ತಿಟ್ಟಿದ್ದ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. “ಎರಡನೇ ಸಲ ಹಡಗ ಬರೂದಿಲ್ಲ!”

“ಯಾವ ಹಡಗಲೇ?” ಅಪ್ಪ ಕಾಕಾನನ್ನು ನೋಡಿದ. ಕಾಕಾ ನೆಲ ನೋಡಿದ.

“ಹೊಸ್ತಲಾ ಒಯ್ತೀರಿ, ತೊಳ್ಯಾಕ ಯಾರ?” ಎಂದಳು ಗಂಗಿ, ಬಿಕ್ಕುತ್ತ.

ಅಪ್ಪ ಹಗ್ಗ ಹಿಡಿದು ನಿಂತೇ ಇದ್ದ. ಅವ್ವ ಟ್ರೇಲರ್ ಹತ್ತಿ, ಜೋಳದ ಚೀಲವನ್ನು ದೂಡಿ ಕೆಳಗೆ ಕೆಡವಿದಳು. “ಜ್ವಾಳಾ ಆಮ್ಯಾಲ ತಂದ್ರಾತು. ಹತ್ತು ಆಯಿ.”

ಆಯಿ ಚೌಕಟ್ಟನ್ನು ತಬ್ಬಿ ಕುಳಿತಳು, ಗಂಗಿ ಆಕೆಯ ತೊಡೆಯ ಮೇಲೆ. ನವನಗರದ ಆ ಒಂದೇ ಖೋಲಿಯಲ್ಲಿ ಆಯಿ ನಮ್ಮಿಬ್ಬರ ನಡುವೆ ಮಲಗಿದಳು. ಬದುಕಿರುವ ತನಕ ಹೊಸ್ತಿಲು ಒಣಗಗೊಡಲಿಲ್ಲ.

ಈಗ ಆಯಿ ಇಲ್ಲ. ಆ ಟಾಕೀಜಿನ ಜಾಗದಲ್ಲಿ ಹಿನ್ನೀರಿದೆ. ಮೊನ್ನೆ ನಾನೂ ಗಂಗಿಯೂ ನಮ್ಮ ಮಕ್ಕಳನ್ನು ಅಂಥದೇ ಒಂದು ಪಿಕ್ಚರಿಗೆ ಕರೆದೊಯ್ದೆವು. ಮೆತ್ತನೆಯ ಕುರ್ಚಿ, ತಣ್ಣನೆಯ ಗಾಳಿ. ಪರದೆಯ ಮೇಲೆ ಜನ ಗಂಟುಮೂಟೆ ಕಟ್ಟುತ್ತಿದ್ದರು. ಅಂದಿನ ಆ ಅಜ್ಜನ ಹಾಗೆ ಕೂಗಿ ಹೇಳಲು ಬಾಯಿ ತೆರೆದೆ. ಸುತ್ತ ಯಾರೂ ಕೆಮ್ಮುತ್ತಲೂ ಇರಲಿಲ್ಲ. ಮುಚ್ಚಿಕೊಂಡೆ.

ಕತ್ತಲಲ್ಲಿ ಗಂಗಿ ನನ್ನ ಕಿವಿಗೆ ಬಾಗಿದಳು.

“ಜ್ವಾಳದ ಚೀಲ ಇಳಸ್ರಿ ಅಂತ ಹೇಳಕ್ಕಾ ಅವರಿಗೆ.”