ನಯವಾಗಿ ಇಲ್ಲವೆನ್ನುವ ಪಾಠ

ಇಸ್ತ್ರಿಯಕ್ಕನ ಬಾಯಿ ಜೋರು ಎಂಬುದು ಪರದೇಶದ ಆ ಹೋಟೆಲಿನ ಲಾಂಡ್ರಿಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಆ ಜೋರೆಲ್ಲ ಅವಳ ಭಾಷೆಯ ಜನರಿದ್ದ ನೆಲಮಾಳಿಗೆಯವರೆಗೆ ಮಾತ್ರ. ಹದಿನಾಲ್ಕು ಮೆಟ್ಟಿಲು ಹತ್ತಿ ಮೇಲೆ ಬಂದಳೋ, ಅಲ್ಲಿ ಎಲ್ಲವೂ ಇಂಗ್ಲಿಷ್, ಇವಳ ಬಾಯಿಗೆ ಬೀಗ. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ಯಾರು ಏನು ಕೇಳಿದರೂ ನಗುವುದು, ತಲೆಯಾಡಿಸುವುದು, ಯೆಸ್ ಅನ್ನುವುದು. ಆ ಯೆಸ್ಸಿನಿಂದ ಪಟ್ಟ ಪಾಡು ಒಂದೆರಡಲ್ಲ. ಒಮ್ಮೆ ಮ್ಯಾನೇಜರು ಬಂದು ಭಾನುವಾರವೂ ಬರುತ್ತೀಯಾ ಎಂದು ಕೇಳಿದನಂತೆ. ಇವಳು ಯೆಸ್ ಎಂದಳು, ಮೂರು ತಿಂಗಳು ವಾರದ ರಜೆಯ ಮುಖ ನೋಡಲಿಲ್ಲ. ಬೇಕರಿಯ ವ್ಯಾನ್ ಓಡಿಸುವ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. "ನಿನ್ನ ಯೆಸ್ಸಿಗೆ ಫ್ರೇಮ್ ಹಾಕ್ಸಿ ಗೋಡೆಗೆ ನೇತುಹಾಕ್ಬೇಕು ಕಣೆ!"

ಐವತ್ತೊಂದನೇ ವಯಸ್ಸಿಗೆ ಮಂಡಿಗಳು ಮುಷ್ಕರ ಹೂಡಿದವು. ದಿನಕ್ಕೆ ಎಂಟು ಗಂಟೆ ಹಬೆಯ ಮುಂದೆ ನಿಂತು ಅಂಗಿ, ಬೆಡ್‌ಶೀಟು, ದಿಂಬಿನ ಚೀಲ ಒತ್ತಿ ಒತ್ತಿ ಸವೆದ ಮಂಡಿಗಳು. ಮೇಲಿನ ಕೌಂಟರಿನಲ್ಲಿ ಬಟ್ಟೆ ಪಡೆದು ಚೀಟಿ ಕೊಡುವ ಕೆಲಸಕ್ಕೆ ಕುರ್ಚಿ ಇತ್ತು. ಆ ಕುರ್ಚಿಗೆ ಇಂಗ್ಲಿಷ್ ಬೇಕಿತ್ತು. ಹಾಗಾಗಿ ಇಸ್ತ್ರಿಯಕ್ಕ ಸಮುದಾಯ ಕಾಲೇಜಿಗೆ ಹೋಗಿ, ದೊಡ್ಡವರಿಗಾಗಿ ನಡೆಸುವ ಇಂಗ್ಲಿಷ್ ತರಗತಿಗೆ ಸೇರಿದಳು. ಮಂಗಳವಾರ, ಗುರುವಾರ, ಮಧ್ಯಾಹ್ನ ಮೂರರಿಂದ ಐದು.

ತರಗತಿ ಎಂದರೆ ಎಂಥ ತರಗತಿ ಅನ್ನುತ್ತೀರಿ! ಬೆಳಿಗ್ಗೆ ಅದೇ ಕೋಣೆಯಲ್ಲಿ ಕೂದಲು ಕತ್ತರಿಸುವುದನ್ನು ಕಲಿಸುತ್ತಿದ್ದರು. ಗೋಡೆಯುದ್ದಕ್ಕೂ ಹಲಗೆಯ ಮೇಲೆ ವಿಗ್ ಹಾಕಿದ ಪ್ಲಾಸ್ಟಿಕ್ ತಲೆಗಳು. ವೆಲ್ಡಿಂಗ್ ಮಾಡುವವನು, ಮೂರು ಮಕ್ಕಳನ್ನು ನೋಡಿಕೊಳ್ಳುವ ಆಯಾ, ಗಡಿಯಾರ ರಿಪೇರಿಯ ಮುದುಕ, ಹೀಗೆ ಹದಿನಾರು ಜನ ಆ ತಲೆಗಳ ಕಣ್ಣೆದುರೇ ತಪ್ಪು ಮಾತಾಡುತ್ತಿದ್ದರು. ಟೀಚರಮ್ಮ ಕಡ್ಡಿಯಂಥ ಹೆಂಗಸು. ಚಪ್ಪಾಳೆ ತಟ್ಟಿ "ಜೋಡಿ!" ಎಂದರೆ ಎಲ್ಲರೂ ಪಕ್ಕದವರ ಕಡೆ ತಿರುಗಿ ಪಾಠದ ಸಂಭಾಷಣೆ ಶುರು ಮಾಡಬೇಕು.

ಇಸ್ತ್ರಿಯಕ್ಕನ ಜೋಡಿ ಎಂದರೆ ಪಕ್ಕದವಳು. ನಲವತ್ತರ ಆಸುಪಾಸಿನ ಒಂಟಿ ಹೆಂಗಸು. ಒಬ್ಬ ಮುದುಕಮ್ಮನನ್ನು ನೋಡಿಕೊಳ್ಳುತ್ತ ಆಕೆಯ ಮನೆಯಲ್ಲೇ ಮಲಗುತ್ತಿದ್ದಳು. ಅವಳ ಭಾಷೆ ಆ ತರಗತಿಯಲ್ಲಿ ಇನ್ಯಾರಿಗೂ ಬರುತ್ತಿರಲಿಲ್ಲ, ಇವಳ ಭಾಷೆ ಅವಳಿಗೆ ಬರುತ್ತಿರಲಿಲ್ಲ. ಇಬ್ಬರ ನಡುವೆ ಇದ್ದದ್ದು ಎರಡನೇ ಹಂತದ ಇಂಗ್ಲಿಷ್, ಇಬ್ಬರದೂ ಸೇರಿಸಿದರೆ ಮುನ್ನೂರು ಶಬ್ದ. ಭೂತಕಾಲದ ಪಾಠ ಇನ್ನೂ ಆಗಿರಲಿಲ್ಲವಾದ್ದರಿಂದ ಇಬ್ಬರ ಬದುಕಿನಲ್ಲೂ ಎಲ್ಲವೂ ಈಗಲೇ ನಡೆಯುತ್ತಿತ್ತು. "ನನ್ನ ಅಮ್ಮ ಸಾಯುತ್ತಾಳೆ," ಎಂದಳು ಪಕ್ಕದವಳು ಒಂದು ದಿನ. ಇಸ್ತ್ರಿಯಕ್ಕ ಗಾಬರಿಯಾಗಿ ಎದ್ದೇ ನಿಂತಳು. ನೋಡಿದರೆ ಸತ್ತು ಒಂಬತ್ತು ವರ್ಷವಾಗಿತ್ತು. ಇಬ್ಬರೂ ಬಿದ್ದು ಬಿದ್ದು ನಕ್ಕರು. ನಕ್ಕ ಮೇಲೆ, ಛೆ, ನಗಬಾರದಿತ್ತು ಅನಿಸಿ ಪುಸ್ತಕ ತೆರೆದರು.

ಇಸ್ತ್ರಿಯಕ್ಕ ತನ್ನ ಭಾಷೆಯ ಒಂದೇ ಒಂದು ಶಬ್ದ ಕಲಿಸಿಕೊಟ್ಟಿದ್ದಳು, ಅಕ್ಕ. ಪಕ್ಕದವಳು ಅದನ್ನು ಎಷ್ಟು ಚೆನ್ನಾಗಿ ಅನ್ನುತ್ತಿದ್ದಳೆಂದರೆ, ಒಡಹುಟ್ಟಿದವರಿಲ್ಲದ ಇಸ್ತ್ರಿಯಕ್ಕನಿಗೆ ಪ್ರತಿ ಸಲವೂ ಹಿತವಾಗುತ್ತಿತ್ತು. ತರಗತಿ ಮುಗಿದ ಮೇಲೆ ಇಬ್ಬರೂ ನಾಲ್ಕು ನಿಲ್ದಾಣ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದರು. ಪಕ್ಕದವಳು ಮೊದಲು ಇಳಿಯುತ್ತಿದ್ದಳು. ಆ ನಿಲ್ದಾಣದಿಂದ ಯಾವ ಬೀದಿ, ಯಾವ ಮನೆ ಎಂದು ಇವಳು ಯಾವತ್ತೂ ಕೇಳಲಿಲ್ಲ. ಕೇಳಲು ಇಂಗ್ಲಿಷ್ ಇತ್ತು. ವಿಳಾಸ ಕೇಳುವುದು ಮೊದಲನೇ ಹಂತದಲ್ಲೇ ಆಗಿಹೋದ ಪಾಠ.

ಚಳಿ ಶುರುವಾಗುವ ಹೊತ್ತಿಗೆ ಪಕ್ಕದವಳು ಒಂದು ಮಂಗಳವಾರ, "ಮುದುಕಮ್ಮ ಊಟ ಮಾಡುವುದಿಲ್ಲ," ಎಂದಳು. ಇಸ್ತ್ರಿಯಕ್ಕ ಪುಸ್ತಕದಲ್ಲಿ ಇದ್ದ ಹಾಗೆ ವಿಷಾದ ಹೇಳಿದಳು. ಮುಂದಿನ ವಾರವೆಲ್ಲ ಪಕ್ಕದವಳು ಬರಲಿಲ್ಲ. ಅದರ ಮುಂದಿನ ಗುರುವಾರ ಬಂದಾಗ ಕೈಯಲ್ಲಿ ಎರಡು ದೊಡ್ಡ ಬ್ಯಾಗು.

"ಶಾಪಿಂಗಾ?" ಎಂದು ಕೆಣಕಿದಳು ಇಸ್ತ್ರಿಯಕ್ಕ.

ಪಕ್ಕದವಳು ನಕ್ಕಳು, ತಲೆಯಾಡಿಸಿದಳು, ಯೆಸ್ ಎಂದಳು. ಅಂಥ ಯೆಸ್ಸಿನ ಅರ್ಥ ಇಸ್ತ್ರಿಯಕ್ಕನಿಗಿಂತ ಚೆನ್ನಾಗಿ ಬಲ್ಲವರು ಆ ಊರಿನಲ್ಲಿ ಯಾರಿದ್ದರು? ಆದರೂ ಹೊಳೆಯಲಿಲ್ಲ. ಅವಳ ತಲೆಯೆಲ್ಲ ಆವತ್ತಿನ ಪಾಠದ ಮೇಲಿತ್ತು.

ಪಾಠ ಇದು: ನಯವಾಗಿ ಇಲ್ಲವೆನ್ನುವುದು ಹೇಗೆ. ಟೀಚರಮ್ಮ ಬೋರ್ಡಿನ ಮೇಲೆ ಮೂರು ಹೆಜ್ಜೆ ಬರೆದಳು. ಮೊದಲು ಸಾರಿ ಅನ್ನಬೇಕು. ಆಮೇಲೆ ಕಾರಣ ಕೊಡಬೇಕು. ಕೊನೆಗೆ ಒಂದು ಒಳ್ಳೆಯ ಮಾತು ಹೇಳಿ ಕಳಿಸಬೇಕು. ಯೆಸ್ಸಿನ ಕೈಯಲ್ಲಿ ಅಷ್ಟು ವರ್ಷ ನುಜ್ಜುಗುಜ್ಜಾಗಿದ್ದ ಇಸ್ತ್ರಿಯಕ್ಕನಿಗೆ ಇದು ತನಗೆಂದೇ ಮಾಡಿದ ಪಾಠ ಅನಿಸಿತು. ಟೀಚರಮ್ಮ ಚೀಟಿಗಳ ಡಬ್ಬಿ ಹಿಡಿದು ಬಂದಳು. ಜೋಡಿಯಲ್ಲಿ ಒಬ್ಬರು ಚೀಟಿ ಎತ್ತಿ ಅದರಲ್ಲಿರುವುದನ್ನು ಕೇಳಬೇಕು, ಇನ್ನೊಬ್ಬರು ನಯವಾಗಿ ಇಲ್ಲ ಅನ್ನಬೇಕು.

ಪಕ್ಕದವಳು ಚೀಟಿ ಎತ್ತಿದಳು. ಬಿಡಿಸಿ ನೋಡಿದಳು, ಮತ್ತೆ ಮಡಚಿ ಪುಸ್ತಕದೊಳಗಿಟ್ಟಳು. ಇವಳ ಮುಖ ನೋಡುತ್ತ ನಿಧಾನವಾಗಿ ಕೇಳಿದಳು.

"ಅಕ್ಕ, ನಾನು ಮೂರು ದಿನ ನಿಮ್ಮ ಮನೆಯಲ್ಲಿ ಇರಬಹುದಾ? ಪ್ಲೀಸ್. ಸೋಮವಾರ ನನಗೆ ಹೊಸ ಕೆಲಸ, ಹೊಸ ಕೋಣೆ ಇದೆ. ಮೂರು ದಿನ ಮಾತ್ರ."

ಎಷ್ಟು ಚೆನ್ನಾಗಿ ಕೇಳುತ್ತಾಳಪ್ಪಾ ಎಂದುಕೊಂಡ ಇಸ್ತ್ರಿಯಕ್ಕ ಬೆನ್ನು ನೆಟ್ಟಗೆ ಮಾಡಿ ಕೂತಳು. "ಸಾರಿ. ನಿನಗೆ ಸಹಾಯ ಮಾಡಲು ನನಗೆ ತುಂಬ ಇಷ್ಟ. ಆದರೆ ನಮ್ಮ ಮನೆಯಲ್ಲಿ ನೆಂಟರು ಇದ್ದಾರೆ, ಜಾಗ ಇಲ್ಲ. ನಿನಗೆ ಒಳ್ಳೆಯ ಜಾಗ ಸಿಗಲಿ!" ಎಲ್ಲೂ ತಡವರಿಸಲಿಲ್ಲ. ನೆಂಟರು ಎಂಬ ಶಬ್ದವನ್ನಂತೂ ಹಿಂದಿನ ರಾತ್ರಿಯಷ್ಟೇ ಬಾಯಿಪಾಠ ಮಾಡಿದ್ದಳು.

ಹಿಂದೆಯೇ ನಿಂತಿದ್ದ ಟೀಚರಮ್ಮ ಚಪ್ಪಾಳೆ ತಟ್ಟಿದಳು. "ವೆರಿ ಗುಡ್! ಎಲ್ಲರೂ ಕೇಳಿ! ನೀವಿಬ್ಬರೂ ಎದ್ದು ನಿಂತು ಇನ್ನೊಮ್ಮೆ ಮಾಡಿ."

ಇಬ್ಬರೂ ಎದ್ದು ನಿಂತರು. ಪಕ್ಕದವಳು ಇನ್ನೊಮ್ಮೆ ಕೇಳಿದಳು. ದನಿ ಮೊದಲಿಗಿಂತ ಸಣ್ಣದಾಗಿತ್ತು. ನಾಚಿಕೆಯಿರಬೇಕು ಎಂದುಕೊಂಡ ಇಸ್ತ್ರಿಯಕ್ಕ ಅವಳ ಪಾಲಿನದೂ ಸೇರಿಸಿ ಗಟ್ಟಿಯಾಗಿ, ಕೈಯಾಡಿಸಿಕೊಂಡು, ಇಲ್ಲ ಎಂದಳು. ತರಗತಿಯೆಲ್ಲ ಚಪ್ಪಾಳೆ ತಟ್ಟಿತು. ಪಕ್ಕದವಳೂ ತಟ್ಟಿದಳು.

ಬಸ್ಸು ಬಂದಾಗ ಪಕ್ಕದವಳು ಹತ್ತಲಿಲ್ಲ, ನಡೆದು ಹೋಗುತ್ತೇನೆ ಎಂದಳು. ಬಸ್ಸಿನ ಕಿಟಕಿಯಿಂದ ಇಸ್ತ್ರಿಯಕ್ಕ ಕೈಬೀಸಿದಳು. ಎರಡೂ ಕೈಯಲ್ಲಿ ಬ್ಯಾಗಿದ್ದುದರಿಂದ ಅವಳು ತಲೆಯಷ್ಟೇ ಅಲ್ಲಾಡಿಸಿದಳು. ಮನೆಗೆ ಬಂದ ಇಸ್ತ್ರಿಯಕ್ಕ ಗಂಡನನ್ನು ಕೂರಿಸಿಕೊಂಡು ಎಲ್ಲವನ್ನೂ ಅಭಿನಯಿಸಿ ತೋರಿಸಿದಳು. "ಅಬ್ಬಾ, ಇನ್ನು ನಮ್ಮ ಗತಿ ಏನಪ್ಪಾ, ಇವಳಿಗೆ ನೋ ಅನ್ನೋಕೆ ಬಂದ್ಬಿಡ್ತು!" ಎಂದ ಗಂಡ. ಅವಳು ಉಬ್ಬಿಹೋದಳು.

ಮಂಗಳವಾರ ಪಕ್ಕದವಳು ಬರಲಿಲ್ಲ. ಗುರುವಾರವೂ ಇಲ್ಲ. ಇಬ್ಬರಿಗೆ ಒಂದೇ ಪುಸ್ತಕ ಕೊಡುತ್ತಿದ್ದ ಕಾಲೇಜು ಅದು, ಪುಸ್ತಕ ಇಸ್ತ್ರಿಯಕ್ಕನ ಬಳಿಯೇ ಇರುತ್ತಿತ್ತು. ಹೊಸ ಪಾಠಕ್ಕೆಂದು ಹಾಳೆ ತಿರುವುವಾಗ ಮಡಚಿದ ಚೀಟಿಯೊಂದು ಬಿತ್ತು. ಡಬ್ಬಿಗೆ ಹಾಕೋಣವೆಂದು ಬಿಡಿಸಿ, ಬೆರಳಿಟ್ಟು ಓದಿದಳು. ಪಕ್ಕದ ಮನೆಯವರ ಬಳಿ ಏಣಿ ಕೇಳಿ ಎಂದು ಬರೆದಿತ್ತು.

ಏಣಿ. ಇನ್ನೊಮ್ಮೆ ಓದಿದಳು. ಚೀಟಿಯ ಹಿಂದೆ ತಿರುಗಿಸಿ ನೋಡಿದಳು, ಅಲ್ಲೇನೂ ಇರಲಿಲ್ಲ. ಎರಡು ಬ್ಯಾಗು, ಊಟ ಬಿಟ್ಟ ಮುದುಕಮ್ಮ, ಸೋಮವಾರದ ಹೊಸ ಕೆಲಸ, ಎಲ್ಲವೂ ಒಟ್ಟಿಗೇ ಬಂದು ಮುಖಕ್ಕೆ ಹೊಡೆದವು. ಅಯ್ಯೋ ನನ್ನ ಬಾಯಿಗಿಷ್ಟು ಬೆಂಕಿ ಬೀಳ, ಎಂದು ತನ್ನ ಭಾಷೆಯಲ್ಲಿ ಜೋರಾಗಿಯೇ ಅಂದುಬಿಟ್ಟಳು. ಟೀಚರಮ್ಮ ಇಂಗ್ಲಿಷಿನಲ್ಲಿ ಹೇಳು ಎಂದಳು. ಇಂಗ್ಲಿಷಿನಲ್ಲಿ ಏನೆಂದು ಹೇಳುವುದು?

ಆವತ್ತೇ ಕಾಲೇಜಿನ ಆಫೀಸಿಗೆ ಹೋದಳು. ವಿಳಾಸ ಕೊಡುವ ಹಾಗಿಲ್ಲ ಎಂದ ಗುಮಾಸ್ತ. ಟೀಚರಮ್ಮ ಫೋನ್ ಮಾಡಿ ನೋಡಿದಳು, ಆ ನಂಬರು ಮುದುಕಮ್ಮನ ಮನೆಯದು, ಯಾರೂ ಎತ್ತಲಿಲ್ಲ. ಶನಿವಾರ ಇಸ್ತ್ರಿಯಕ್ಕ ಪಕ್ಕದವಳು ಇಳಿಯುತ್ತಿದ್ದ ನಿಲ್ದಾಣದಲ್ಲಿ ಇಳಿದು, ಮಂಡಿ ಹಿಡಿದುಕೊಂಡು ಮನೆ ಮನೆಯ ಬಾಗಿಲು ತಟ್ಟಿದಳು. ಜೀವಮಾನದಲ್ಲಿ ಆಡದಷ್ಟು ಇಂಗ್ಲಿಷನ್ನು ಆ ಒಂದು ದಿನದಲ್ಲಿ ಆಡಿದಳು. ಮೂರನೇ ಬೀದಿಯ ಕೊನೆಯ ಮನೆಯ ಬಾಗಿಲು ತೆರೆದಿತ್ತು. ಒಳಗೆ ಬಣ್ಣ ಬಳಿಯುವವನೊಬ್ಬ ಏಣಿ ಏರಿ ನಿಂತಿದ್ದ. ಅವನೇ ಹೇಳಿದ್ದು. ಮುದುಕಮ್ಮ ತೀರಿಕೊಂಡಳು. ಮಗ ಬಂದು, ಗುರುವಾರದೊಳಗೆ ಮನೆ ಖಾಲಿ ಮಾಡು ಎಂದು ಆ ಹೆಂಗಸಿಗೆ ಹೇಳಿದ. ಆಮೇಲೆ ಅವಳು ಎಲ್ಲಿಗೆ ಹೋದಳೋ ತನಗೆ ಗೊತ್ತಿಲ್ಲ.

"ಹೋಗ್ಲಿ ಬಿಡು, ಬೇಕು ಅಂತ ಮಾಡಿದ್ದೇನಲ್ವಲ್ಲ," ಎಂದ ಗಂಡ.

"ಅವಳನ್ನ ಕರ್ಕೊಂಡು ಬಂದಿದ್ರೆ ನೀವೇನಾದ್ರೂ ಅಂತಿದ್ರಾ?"

"ನಾನ್ಯಾಕೆ ಅನ್ಲಿ? ಮಗಳು ಮದುವೆಯಾಗಿ ಹೋದಾಗಿಂದ ಆ ಕೋಣೆ ಖಾಲಿನೇ ಬಿದ್ದಿದೆ. ಮಂಚ ಇದೆ, ಹಾಸಿಗೆ ಇದೆ. ಒಬ್ಬಳು ಮೂರು ದಿನ ಇದ್ರೆ ನಮ್ಮ ಗಂಟೇನು ಹೋಗ್ತಿತ್ತು?"

ಅವನು ಬೈದಿದ್ದರೆ ಚೆನ್ನಾಗಿತ್ತು. ನಾನು ಒಪ್ಪುತ್ತಿರಲಿಲ್ಲ ಎಂದಿದ್ದರೆ ಅರ್ಧ ಹೊರೆ ಅವನ ತಲೆಗೆ ಕಟ್ಟಬಹುದಿತ್ತು. ಅವಳು ಎದ್ದು ಹೋಗಿ ಆ ಕೋಣೆಯ ಬಾಗಿಲು ಮುಚ್ಚಿದಳು.

ಪರೀಕ್ಷೆಯಾಯಿತು, ಇಸ್ತ್ರಿಯಕ್ಕ ಪಾಸಾದಳು, ಕೌಂಟರಿನ ಕುರ್ಚಿಯೂ ಸಿಕ್ಕಿತು. ಮಂಡಿಗೆ ಆರಾಮಾಯಿತು. ಮೂರನೇ ಹಂತಕ್ಕೆ ಹೋಗು ಎಂದರೆ ಮಾತ್ರ ಒಲ್ಲೆ ಎಂದು, ಪಾಸಾದ ಹಂತಕ್ಕೇ ಮತ್ತೆ ಹೆಸರು ಬರೆಸಿದಳು. ಟೀಚರಮ್ಮ ತಲೆ ಚಚ್ಚಿಕೊಂಡಳು. ಬಂದರೆ ಪಕ್ಕದವಳು ಈ ಕೋಣೆಗೇ ಬರಬೇಕಲ್ಲ ಎಂಬುದು ಇವಳ ಲೆಕ್ಕ.

ಮೂರು ತಿಂಗಳ ಮೇಲೆ ಬಂದಳು. ತರಗತಿಗಲ್ಲ, ಆಫೀಸಿಗೆ. ಇಷ್ಟು ತಿಂಗಳು ಇಲ್ಲಿ ಕಲಿತಿದ್ದಾಳೆಂದು ಒಂದು ಪತ್ರ ಬೇಕಿತ್ತಂತೆ. ಕಿಟಕಿಯ ಮುಂದಿನ ಸಾಲಿನಲ್ಲಿ ಅವಳ ಬೆನ್ನು ಕಂಡದ್ದೇ ತಡ, ಇಸ್ತ್ರಿಯಕ್ಕ ಹೋಗಿ ಎರಡೂ ಭುಜ ಹಿಡಿದುಕೊಂಡಳು. ಪಕ್ಕದವಳು ತಿರುಗಿ, "ಅಕ್ಕ," ಎಂದಳು. ಮೊದಲಿನಷ್ಟೇ ಚೆನ್ನಾಗಿ ಅಂದಳು. ಅದನ್ನೇ ತಡೆಯಲಾಗಲಿಲ್ಲ ಇವಳಿಗೆ.

ಪತ್ರ ಕೈಗೆ ಬಂದ ಮೇಲೆ ಇಬ್ಬರೂ ನಿಲ್ದಾಣದ ಬೆಂಚಿನಲ್ಲಿ ಕೂತರು. ದೂರದ ಊರಿನ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ನಾಲ್ಕು ಗಂಟೆ ದೂರದ ಮೊಟ್ಟೆ ಕಾರ್ಖಾನೆಯಲ್ಲಿ ಈಗ ಅವಳಿಗೆ ಟ್ರೇ ತೊಳೆಯುವ ಕೆಲಸ.

"ಆ ಮೂರು ದಿನ ಎಲ್ಲಿ?" ಎಂದು ಕೇಳಿದಳು ಇಸ್ತ್ರಿಯಕ್ಕ.

"ರೈಲು ನಿಲ್ದಾಣ. ದೀಪ ಇದೆ, ಜನ ಇದ್ದಾರೆ. ತೊಂದರೆ ಇಲ್ಲ." ಕೈಯಲ್ಲಿದ್ದ ಪತ್ರ ಮಡಚುತ್ತ ಅಂದಳು, "ಎರಡನೇ ದಿನ ಒಂದು ಬ್ಯಾಗು ಹೋಗುತ್ತದೆ. ನನ್ನ ಕಾಗದ, ನನ್ನ ಸರ್ಟಿಫಿಕೇಟು, ಎಲ್ಲ ಅದರಲ್ಲಿ. ಸೋಮವಾರ ಹೊಸ ಕೆಲಸದ ವೃದ್ಧಾಶ್ರಮದವರು ಕಾಗದ ಕೇಳುತ್ತಾರೆ. ನನ್ನ ಬಳಿ ಇಲ್ಲ, ಕೆಲಸ ಇಲ್ಲ."

ಅವಳು ಭೂತಕಾಲ ಕಲಿಯುವುದು ಬಾಕಿಯೇ ಉಳಿದಿತ್ತು. ಇಸ್ತ್ರಿಯಕ್ಕನ ಕಣ್ಣೆದುರಲ್ಲೇ ಯಾರೋ ಆ ಬ್ಯಾಗನ್ನು ಎತ್ತಿಕೊಂಡು ಹೋದಂತಾಯಿತು.

"ನಾನು ಪಾಠ ಅಂದುಕೊಂಡೆ," ಎಂದಳು. "ನಿಜ ಅಂತ ಗೊತ್ತಾಗಲಿಲ್ಲ. ಯಾಕೆ ಪಾಠದಲ್ಲಿ ಕೇಳಿದೆ? ಬಸ್ಸಿನಲ್ಲಿ ಕೇಳಬಾರದಿತ್ತಾ?"

ಪಕ್ಕದವಳು ಬೆರಳು ಮಡಚಿ ಮಡಚಿ, ಶಬ್ದ ಹುಡುಕಿ ಹುಡುಕಿ ಹೇಳಿದಳು. "ಬಸ್ಸಿನಲ್ಲಿ ನೀನು ನೋ ಅಂದರೆ, ಅದು ನಿಜವಾದ ನೋ. ನಾಳೆ ಪಕ್ಕದಲ್ಲಿ ಕೂರುವುದು ಕಷ್ಟ. ಪಾಠದಲ್ಲಿ ಯೆಸ್ ಅಂದರೆ ನಿಜ, ನೋ ಅಂದರೆ ಪಾಠ. ನಿನಗೂ ಮುಜುಗರ ಇಲ್ಲ, ನನಗೂ ಮುಜುಗರ ಇಲ್ಲ. ನನಗೆ ಈ ಊರಲ್ಲಿ ನೀನು ಒಬ್ಬಳೇ, ಅಕ್ಕ."

ಇಸ್ತ್ರಿಯಕ್ಕ ಬಾಯಿ ತೆರೆದಳು. ಬಾಯಿಗೆ ಬಂದದ್ದು ಸಾರಿ ಎಂಬ ಶಬ್ದ. ಇಲ್ಲವೆನ್ನುವ ಪಾಠದ ಮೊದಲನೇ ಹೆಜ್ಜೆ ಅದು, ಎರಡು ಸಲ ಅವಳ ಮುಖಕ್ಕೇ ಹೇಳಿಯಾಗಿತ್ತು. ಬೇರೆ ಶಬ್ದ ಇಂಗ್ಲಿಷಿನಲ್ಲಿ ಅವಳ ಬಳಿ ಇರಲಿಲ್ಲ. ಕಟ್ಟೆಯೊಡೆದಂತೆ ತನ್ನ ಭಾಷೆಯಲ್ಲೇ ಶುರು ಮಾಡಿಬಿಟ್ಟಳು.

"ನನ್ನ ಕಣ್ಣಿಗೆ ಏನು ಮಂಕು ಕವಿದಿತ್ತೋ ಕಾಣೆ ತಾಯಿ. ಚಪ್ಪಾಳೆ ತಟ್ಟಿದ್ರು ಅಂತ ಕುಣಿದೆ. ನಿನ್ನ ಕೈಯಲ್ಲಿದ್ದ ಬ್ಯಾಗು ಕಾಣ್ಲಿಲ್ಲ, ನಿನ್ನ ದನಿ ಕೇಳಿಸ್ಲಿಲ್ಲ. ಮನೇಲಿ ಖಾಲಿ ಮಂಚ ಇಟ್ಕೊಂಡು ನೆಂಟರಿದ್ದಾರೆ ಅಂದೆ. ಯಾವ ನೆಂಟರು? ನಮ್ಮನೆಗೆ ವರ್ಷಕ್ಕೊಬ್ರು ನೆಂಟರು ಬರಲ್ಲ! ಆವತ್ತಿಂದ ಒಂದು ದಿನ ನೆಟ್ಟಗೆ ನಿದ್ದೆ ಮಾಡಿಲ್ಲ ನಾನು."

ಇನ್ನೂ ಏನೇನೋ ಅಂದಳು, ಅತ್ತಳು, ಮೂಗೊರೆಸಿಕೊಂಡು ಮತ್ತೆ ಅಂದಳು. ಪಕ್ಕದವಳು ಒಂದಕ್ಷರ ಅರ್ಥವಾಗದಿದ್ದರೂ ನಡುವೆ ಬಾಯಿಹಾಕದೆ ಕೊನೆಯವರೆಗೂ ಕೇಳಿದಳು. ಆಮೇಲೆ ಅವಳೂ ಮಾತಾಡಿದಳು, ಅವಳ ಭಾಷೆಯಲ್ಲಿ. ಅಷ್ಟುದ್ದ ಮಾತಾಡುವವಳೆಂದು ಇಸ್ತ್ರಿಯಕ್ಕನಿಗೆ ಗೊತ್ತೇ ಇರಲಿಲ್ಲ. ಒಂದು ಕಡೆ ದನಿ ಏರಿತು, ಒಂದು ಕಡೆ ತಗ್ಗಿತು, ಒಂದು ಕಡೆ ಎದೆಗೆ ಕೈಯಿಟ್ಟುಕೊಂಡಳು. ಕಣ್ಣಲ್ಲಿ ನೀರಿರಲಿಲ್ಲ.

ಅಷ್ಟರಲ್ಲಿ ಬಸ್ಸು ಬಂತು.

"ಏನು ಹೇಳಿದೆ? ಇಂಗ್ಲಿಷಿನಲ್ಲಿ ಹೇಳು," ಎಂದಳು ಇಸ್ತ್ರಿಯಕ್ಕ, ಅವಳ ತೋಳು ಬಿಡದೆ.

ಪಕ್ಕದವಳು ಹೇಳಲು ನೋಡಿದಳು. ತುಟಿ ಅಲ್ಲಾಡಿತು. ಡ್ರೈವರು ಹಾರ್ನ್ ಹೊಡೆದ. "ಅಷ್ಟು ಇಂಗ್ಲಿಷ್ ಇಲ್ಲ, ಅಕ್ಕ," ಎಂದವಳೇ ತೋಳು ಬಿಡಿಸಿಕೊಂಡು ಹತ್ತಿದಳು.

ಕ್ಷಮಿಸಿದೆ ಎಂದಳೋ, ಜನ್ಮದಲ್ಲಿ ನಿನ್ನ ಮುಖ ನೋಡಲಾರೆ ಎಂದಳೋ, ಇಸ್ತ್ರಿಯಕ್ಕನಿಗೆ ಇವತ್ತಿಗೂ ತಿಳಿಯದು. ಆ ಭಾಷೆ ಬಲ್ಲವರು ಯಾರಾದರೂ ಸಿಕ್ಕಾರೆಂದು ಕೌಂಟರಿಗೆ ಬಂದವರನ್ನೆಲ್ಲ ಯಾವ ಊರು, ಯಾವ ಭಾಷೆ ಎಂದು ಈಗ ಸರಾಗವಾಗಿ ವಿಚಾರಿಸುತ್ತಾಳೆ. ಸಿಕ್ಕರೂ ಅವರಿಗೆ ಏನು ಒಪ್ಪಿಸುವುದು? ಅವಳಿಗೆ ನೆನಪಿರುವುದು ಬರೀ ದನಿ. ಮಾತು ಒಂದೂ ನೆನಪಿಲ್ಲ.