ಆರು ಮನೆಗಳ ಭಾನುವಾರ

ಕೋಲ್ಕತ್ತಾದಲ್ಲಿ ನಮ್ಮದು ಆರು ಕನ್ನಡ ಮನೆಗಳ ಗುಂಪು. ಭಾನುವಾರದ ಊಟ ಪಾಳಿಯ ಮೇಲೆ ಒಂದೊಂದು ಮನೆಯಲ್ಲಿ. ಯಾರ ಪಾಳಿ ಯಾವಾಗ ಎಂಬ ತಕರಾರು ವಾರವಾರ ಇದ್ದದ್ದೇ. ಸೆಕ್ಟರ್ ಫೈವ್‌ನಲ್ಲಿ ಕೋಡ್ ಬರೆದು ಹೊಟ್ಟೆ ಹೊರೆಯುವ ನಾನು ಅದಕ್ಕೊಂದು ಚಿಕ್ಕ ವೆಬ್ ಪುಟ ಮಾಡಿಕೊಟ್ಟೆ. ಜಾವಾಸ್ಕ್ರಿಪ್ಟ್‌ನಲ್ಲಿ ಹಲವು ಸಂಗತಿಗಳನ್ನು ಒಂದೇ ಹೆಸರಿನಡಿ ಸಾಲಾಗಿ ಇಡುವುದಕ್ಕೆ ಅರೇ ಎನ್ನುತ್ತಾರೆ. ಆ ಸಾಲಿನಲ್ಲಿ ಆರು ಮನೆ. ವಾರಕ್ಕೊಂದು ಹೆಸರು ತಾನಾಗಿ ಪುಟದ ಮೇಲೆ ಬರುತ್ತಿತ್ತು. ನನ್ನ ಹೆಸರು ಮಾತ್ರ ಅದರಲ್ಲಿರಲಿಲ್ಲ. ಬಾಡಿಗೆಯ ಒಂದು ಕೋಣೆಯವಳು, ತಿನ್ನುವುದಕ್ಕಷ್ಟೇ ಹಾಜರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಗರಿಯಾಹಾಟ್‌ನ ಮನೆ. ಧಾರವಾಡದ ಕಡೆಯ ಅಕ್ಕ, ಗಂಡ ರೈಲ್ವೆಯಲ್ಲಿ. ರೊಟ್ಟಿ ಬಡಿಯುವ ಸದ್ದು ಮೆಟ್ಟಿಲಿಗೇ ಕೇಳುತ್ತಿತ್ತು. ನಾನು ಎರಡು ತಿಂದು ಏಳಹೊರಟರೆ, “ಇಷ್ಟ ತಿಂದ್ರ ತಲಿ ಹೆಂಗ ಓಡ್ತೈತಿ?” ಎಂದು ಮೂರನೆಯದನ್ನು ತಟ್ಟೆಗೆ ಹಾಕುತ್ತಿದ್ದರು. ಗಂಡನಿಗೆ ನಿವೃತ್ತಿಯಾಯಿತು. ತಮ್ಮ ಪಾಳಿಯ ಊಟ ಬಡಿಸಿ ಮರುದಿನವೇ ಹುಬ್ಬಳ್ಳಿಗೆ ಹೊರಟರು. ಹೌರಾದಲ್ಲಿ ರೈಲು ಹತ್ತಿಸಿ ಬಂದ ಮೇಲೆ ಐದು ವಾರ ಅವರ ಹೆಸರು ತೆಗೆಯಲು ನನಗೆ ಮನಸ್ಸಾಗಲಿಲ್ಲ. ಆರನೆಯ ಭಾನುವಾರ ಅವರದೇ ಪಾಳಿ. ಹಿಂದಿನ ಸಂಜೆ ಅಳಿಸಿದೆ.

ಅಳಿಸಿದ್ದು ತಪ್ಪಾಗಿ. ಅರೇಯಿಂದ ಒಂದನ್ನು ತೆಗೆಯುವುದಕ್ಕೆ ಎರಡು ಬಗೆಯಿದೆ. ಒಂದರಲ್ಲಿ ಹಿಂದಿನವರು ಮುಂದೆ ಸರಿದು ಸಾಲು ಕೂಡಿಕೊಳ್ಳುತ್ತದೆ. ಇನ್ನೊಂದರಲ್ಲಿ ಹೆಸರಷ್ಟೇ ಹೋಗಿ ಜಾಗ ಖಾಲಿ ಉಳಿಯುತ್ತದೆ; ಎಣಿಸಿದರೆ ಆಗಲೂ ಆರೇ. ಆ ಎರಡನೆಯದರ ತಂಟೆಗೆ ಹೋಗಬೇಡಿ ಎಂದು ಆಫೀಸಿನ ಹೊಸಬರನ್ನು ಗದರುವವಳೇ ನಾನು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ಕೈತಪ್ಪಾಯಿತೆಂದು ಆಮೇಲೆ ಎಲ್ಲರಿಗೂ ಹೇಳಿದೆ. ನಿಜವೆಂದರೆ ಆ ಜಾಗ ಮುಚ್ಚಿಹೋಗುವುದು ನನಗೆ ಬೇಕಿರಲಿಲ್ಲ.

ಭಾನುವಾರ ಬೆಳಿಗ್ಗೆ ಪುಟದಲ್ಲಿ ಊಟದ ಮನೆಯ ಹೆಸರೇ ಇಲ್ಲ. ಮೊದಲ ಫೋನ್ ಹುಬ್ಬಳ್ಳಿಯಿಂದ, ಅಕ್ಕನದು.

“ಇವತ್ತ ನಂದ ಪಾಳಿ ಇತ್ತಲ್ಲ? ಯಾರ ಹೆಸರೂ ಕಾಣವಲ್ದು.”

“ನೀವಿನ್ನೂ ನೋಡ್ತೀರಾ ಅಕ್ಕಾ?”

“ದಿನಾ ಮುಂಜಾನೆ ನೋಡ್ತೀನಿ. ಅದಿರ್ಲಿ, ಮಂದಿ ಉಪಾಸ ಕೂಡ್ತಾರ. ಆ ಜಾಗಾದಾಗ ನಿನ್ನ ಹೆಸರ ಹಾಕು.”

“ನನ್ನ ರೂಮಲ್ಲಿ ಅಷ್ಟು ಜನ ಎಲ್ಲಿ ಕೂತ್ಕೋತಾರೆ?”

“ಕೂಡ್ತಾರ. ನೀ ಮೊದ್ಲ ಅನ್ನಕ್ಕ ಇಡು.”

ಅವರು ಫೋನಿನಲ್ಲಿರುವಾಗಲೇ ಖಾಲಿ ಜಾಗದಲ್ಲಿ ನನ್ನ ಹೆಸರು ಬರೆದೆ. ಅವರು ಪುಟವನ್ನು ಮತ್ತೆ ತೆರೆದು ಅದನ್ನು ಮೆಲ್ಲಗೆ ಓದಿದರು.

“ಬಂತು ನೋಡು,” ಎಂದರು. “ಇನ್ನ ನಾ ನೋಡಂಗಿಲ್ಲ ಬಿಡವ್ವಾ.”

ನೋಡ್ತಾ ಇರಿ ಅಕ್ಕಾ, ಎನ್ನುವಷ್ಟರಲ್ಲಿ ಫೋನ್ ಇಟ್ಟುಬಿಟ್ಟಿದ್ದರು.