ಕೋಳಿ ಕಾವಿನಲ್ಲಿ ಉಪ್ಪಿನ ತಟ್ಟೆ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮೂಡಿಗೆರೆ ಸೀಮೆಯ ಒಂದು ಪಶು ಆಸ್ಪತ್ರೆಯ ಪ್ರಯೋಗಾಲಯ ಸಹಾಯಕ. ಪ್ರಯೋಗಾಲಯವೆಂದರೆ ಒಂದು ಮೇಜು, ಒಂದು ಮೈಕ್ರೋಸ್ಕೋಪು, ಕರೆಂಟಿದ್ದಾಗ ಮಾತ್ರ ಬೆಚ್ಚಗಿರುವ ಒಂದು ಇನ್‌ಕ್ಯುಬೇಟರ್. ಇಷ್ಟಕ್ಕೇ ಬಿಳಿ ಕೋಟು ತೊಟ್ಟು ಎಸ್ಟೇಟ್ ಮ್ಯಾನೇಜರನ ಗತ್ತಿನಲ್ಲಿ ಓಡಾಡುತ್ತಿದ್ದೆ.

ಆ ಆಷಾಢದಲ್ಲಿ ಆಸ್ಪತ್ರೆಯ ಹಿಂದೆ ಚಹಾ ಹೋಟೆಲು ನಡೆಸುತ್ತಿದ್ದ ಹೋಟ್ಲಮ್ಮನ ಹಸುವಿಗೆ ಕೆಚ್ಚಲು ಬಾವು ಬಂತು. ಹೋಟೆಲಿನ ಅಷ್ಟೂ ಚಹಾ ಆ ಒಂದೇ ಹಸುವಿನ ಕೃಪೆ. ಮೊದಲ ಔಷಧಿಗೆ ಬಾವು ಜಗ್ಗಲಿಲ್ಲ.

"ಯಾವ ಕ್ರಿಮಿ ಅಂತ ಗೊತ್ತಾದ್ರೆ ಇನ್ನೊಂದು ಏರಿಸ್ತೀನಿ. ಬೇಗ ಹೇಳಿ, ಕೆಚ್ಚಲು ಕಲ್ಲಾಗುತ್ತೆ," ಎಂದರು ಡಾಕ್ಟರು.

ಹಾಲಿಗೆ ಬಣ್ಣ ಹಾಕಿ ನೋಡಿದೆ. ಸ್ಪಿರಿಟ್‌ನಲ್ಲಿ ತೊಳೆದರೂ ನೇರಳೆ ಬಿಡದ, ಗ್ರಾಂ ಪಾಸಿಟಿವ್ ಎನ್ನುವ ಜಾತಿಯ ದುಂಡು ಕ್ರಿಮಿಗಳು; ಜೊತೆಗೆ ಕೊಟ್ಟಿಗೆಯ ಸಮಸ್ತ ಪ್ರಜೆಗಳು! ಬೇರ್ಪಡಿಸಲು ಉಪ್ಪಿನ ಅಗರ್, ಅಂದರೆ ಕ್ರಿಮಿ ಬೆಳೆಸುವ ಲೋಳೆ, ಕಾಯಿಸಿ ತಟ್ಟೆಗೆ ಹೊಯ್ದೆ. ಇದರ ನ್ಯಾಯ ಸರಳ. ವಿಪರೀತ ಉಪ್ಪಿನ ಊಟ ಬಡಿಸಿದರೆ ಮರ್ಯಾದಸ್ಥ ಕ್ರಿಮಿಗಳು ಎಲೆ ಬಿಟ್ಟು ಏಳುತ್ತವೆ. ಸ್ಟ್ಯಾಫಿಲೋಕಾಕಸ್ ಎಂಬ ನೆಂಟ ಮಾತ್ರ ಇನ್ನೊಂದು ಸಲ ಬಡಿಸಿಕೊಳ್ಳುತ್ತಾನೆ. ಆ ವಂಶದಲ್ಲೂ ನಮಗೆ ಬೇಕಾದ ಪುಂಡ, ಅಗರಿಗೆ ಬೆರೆಸಿದ ಮ್ಯಾನಿಟಾಲ್ ಎಂಬ ಸಿಹಿಯನ್ನು ಹುಳಿ ಮಾಡಿ ಕೆಂಪು ತಟ್ಟೆಯನ್ನು ಹಳದಿಗೆ ತಿರುಗಿಸುತ್ತಾನೆ.

ಹಾಲು ಗೀರಿದ ತಟ್ಟೆಯನ್ನು ಇನ್‌ಕ್ಯುಬೇಟರಿನೊಳಗೆ ಇಟ್ಟೆನೋ ಇಲ್ಲವೋ, ಚಾರ್ಮಾಡಿ ಕಡೆಯಿಂದ ಗಾಳಿ ಎದ್ದು ಕರೆಂಟು ಹೋಯಿತು.

"ಲೈನ್ ಮೇಲೆ ಮರ ಮಲಗಿದೆ ಮಾರಾಯ, ಈಗ್ಲೇ ಬರುತ್ತೆ ಅಂತ ಕಾಯ್ಬೇಡ," ಎಂದ ಲೈನ್‌ಮನ್.

ಕ್ರಿಮಿ ಬೆಳೆಯಲು ಬೇಕಾದದ್ದು ಮೈ ಬಿಸಿ. ಮೈ ಬಿಸಿ ಎಂದಾಗ ಹೊಳೆಯಿತು! ಹೋಟೆಲಿಗೆ ಓಡಿದೆ.

"ಹೋಟ್ಲಮ್ಮ, ನಿಮ್ಮ ಕೋಳಿ ಕಾವಿಗೆ ಕೂತಿದೆಯಲ್ಲ, ಅದು ಬೇಕು."

"ನೋಡಿ ಇವ್ರನ್ನ! ನನ್ನ ಹಸು ಹೋಗ್ತಿದೆ, ಇವ್ರಿಗೆ ಕೋಳಿ ಸಾರು ಬೇಕಂತೆ!"

ವಿವರಿಸಿದೆ. ಅವರು ಬುಟ್ಟಿಯ ಹತ್ತಿರ ಬಗ್ಗಿ ಕೋಳಿಯನ್ನು ಎತ್ತಿ ಹಿಡಿದರು. ಅಂಟುಪಟ್ಟಿ ಸುತ್ತಿ ಬಟ್ಟೆಯಲ್ಲಿ ಕಟ್ಟಿದ ಸರ್ಕಾರಿ ತಟ್ಟೆ ಮೊಟ್ಟೆಗಳ ನಡುವೆ ಅಧಿಕಾರ ಸ್ವೀಕರಿಸಿತು. ಕೋಳಿ ನನ್ನ ಕೈಗೆ ಕುಕ್ಕಿ, ಮತ್ತೆ ಕೂತಿತು.

"ಏನ್ ಮರಿ ಬರುತ್ತೆ ಇದ್ರಲ್ಲಿ?"

"ಹಳದಿ ಬಂದ್ರೆ ನಿಮ್ಮ ಹಸುಗೆ ಔಷಧಿ ಇದೆ."

"ಹಾಗಾದ್ರೆ ಹಳದಿಯೇ ಇಡೇ ತಾಯಿ," ಎಂದು ಕೋಳಿಗೆ ಕೈ ಮುಗಿದರು. ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

ಮರುದಿನ ತೆಗೆದಾಗ ಕೆಂಪು. ಮತ್ತೆ ಇಟ್ಟೆವು. ಅದರ ಮಾರನೆಯ ಬೆಳಿಗ್ಗೆ ಬಟ್ಟೆ ಬಿಚ್ಚಿದರೆ, ಗೀರಿದ ಸಾಲಿನುದ್ದಕ್ಕೂ ಹಳದಿ! ಸೇವಂತಿಗೆ ಹಳದಿ! ಕೊಡೆಯನ್ನು ತಟ್ಟೆಗೆ ಹಿಡಿದು, ನಾನು ನೆನೆಯುತ್ತಾ ಡಾಕ್ಟರ ಬಳಿಗೆ ಓಡಿದೆ. ಅವರು ತಟ್ಟೆ ನೋಡಿದರು, ಔಷಧಿ ಹಿಡಿದು ನನಗಿಂತ ಮುಂದೆ ಓಡಿದರು.

ಬಾವು ಇಳಿಯಿತು. ಔಷಧಿ ಇಳಿಯುವವರೆಗೆ ಹಾಲು ಚೆಲ್ಲುವ ಪಥ್ಯ ಮುಗಿದ ಮೇಲೆ ಹೋಟ್ಲಮ್ಮ ಕರಿ ಬಟ್ಟೆಯ ಮೇಲೆ ಹಾಲು ಹಿಂಡಿ ತೋರಿಸಿದರು. ಒಂದು ಗಂಟೂ ಇಲ್ಲ. ಅದೇ ಹಾಲಿನಲ್ಲಿ ಚಹಾ ಕಾಯಿಸಿ ನನ್ನ ಮುಂದಿಟ್ಟರು.

"ಕುಡೀರಿ. ಕರೆಂಟು ಹೋದ್ರೆ ಮಾತ್ರ ಈ ಕಡೆ ಬರ್ಬೇಡಿ. ನಮ್ಮ ಕೋಳಿ ನಿಮ್ಮ ಕೋಟು ಕಂಡ್ರೆ ಬುಟ್ಟಿ ಬಿಟ್ಟು ಏಳುತ್ತೆ."